ಸಮುದ್ರಕ್ಕೂ ಪಾಸ್ ಬೇಕೇನ್ರಿ?

ಜಪಾನಿಗೆ ಹೋದರೆ ಅಲ್ಲಿಯ ರೈಲು ಪಾಸ್ ತೆಗೆಸಬೇಕೋ, ಬೇಡವೋ ಎಂದು ಈಗ ಎಲ್ಲರೂ ನನ್ನನ್ನು ಕೇಳುತ್ತಾರೆ. ಆಳಂದದಿಂದ ಜಪಾನಿಗೆ ಹೋಗುವವರು ಎಷ್ಟು ಮಂದಿ ಎಂದು ಮಾತ್ರ ನೀವು ಕೇಳಬೇಡಿ. ಗಡಿ ದಾಟಿ ಉಮರ್ಗಾಕ್ಕೆ ಮದುವೆಗೆ ಹೋಗುವುದಕ್ಕೂ ವಾರಗಟ್ಟಲೆ ವಿಚಾರ ಮಾಡುವವರೇ ನನ್ನನ್ನು ಚಹಾದಂಗಡಿಯಲ್ಲಿ ಹಿಡಿದು ಕೂರಿಸಿ, “ಪಾಸ್ ಫಾಯ್ದೆ ಅದನೋ, ಟಿಕೆಟ್ ಫಾಯ್ದೆ ಅದನೋ, ಹೇಳ್ರಿ” ಎನ್ನುತ್ತಾರೆ. ಹೋಗಿ ಬಂದವನು ನಾನೊಬ್ಬನೇ ಆದ್ದರಿಂದ ನಾನು ಹೇಳಿದ್ದೇ ಕಾನೂನು. ಇಷ್ಟು ದಿನ ಮೀಸೆಯ ಮೇಲೆ ಕೈಯಾಡಿಸುತ್ತ ಬಹಳ ಹೇಳಿದ್ದೇನೆ. ಅದರಲ್ಲಿ ಅರ್ಧ ಸುಳ್ಳು. ಉಳಿದರ್ಧ ನನ್ನ ಹೆಂಡತಿಯ ಸುಳ್ಳು. ವಯಸ್ಸಾಯಿತು, ಎರಡನ್ನೂ ಹೊತ್ತು ತಿರುಗಲು ಆಗುವುದಿಲ್ಲ. ಇಲ್ಲಿ ಇಳಿಸಿಬಿಡುತ್ತೇನೆ.

ಆಳಂದ ಬಸ್ ಸ್ಟ್ಯಾಂಡ್

ನಾನು ಹತ್ತನೆಯ ಇಯತ್ತೆ ಪಾಸಾದವನು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಆಳಂದದಿಂದ ಅಫಜಲಪುರ, ಅಲ್ಲಿಂದ ಜೇವರ್ಗಿ, ಜೇವರ್ಗಿಯಿಂದ ತಿರುಗಿ ಆಳಂದ. ನನ್ನ ಭೂಗೋಳ ಇಷ್ಟೇ. ಕಂಡಕ್ಟರನಿಗೆ ಪಾಸಿನವರೆಂದರೆ ಮನೆಗೆ ಬಂದ ಅಳಿಯಂದಿರಿದ್ದಂತೆ. ದುಡ್ಡು ಕೊಡುವುದಿಲ್ಲ, ಸೀಟು ಬಿಡುವುದಿಲ್ಲ. ಕಾಲೇಜಿನ ಹುಡುಗರು ರಜೆಯ ದಿನವೂ ಹತ್ತಿ ಸುಮ್ಮನೆ ಹೋಗಿ ಬರುತ್ತಿದ್ದರು. “ಲೇ, ಪಾಸ್ ಅದ ಅಂತ ಊರೂರು ತಿರುಗ್ತೀರೇನು? ಕೆಲಸಿಲ್ಲೇನು ನಿಮಗ?” ಎಂದು ನಾನು ಬೈಯುತ್ತಿದ್ದೆ. ಆ ಹುಡುಗರು ಈಗ ಎಲ್ಲಿದ್ದಾರೋ. ಇದ್ದಲ್ಲಿಂದಲೇ ನಗಲಿ.

ನನ್ನ ಮಗಳು ಸವಿತಾ ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಪಾಠ ಹೇಳುತ್ತಾಳೆ. ಮಣ್ಣಿನ ವಿಷಯ ಓದಿದವಳು. ಜಪಾನಿನ ಕ್ಯೋಟೊದಲ್ಲಿ ಮಣ್ಣಿನವರ ದೊಡ್ಡ ಸಭೆ ಇತ್ತು. ಹೊರಡುವಾಗ ನಮ್ಮಿಬ್ಬರನ್ನೂ ಕಟ್ಟಿಕೊಂಡು ಹೊರಟಳು.

“ಅವ್ವಾ, ಅಲ್ಲಿ ನಿನಗ ಏನು ನೋಡಬೇಕನಸ್ತದ?” ಎಂದು ಕೇಳಿದಳು.

ನನ್ನ ಹೆಂಡತಿ ಶರಣಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಸಮುದ್ರ” ಅಂದಳು.

“ಮತ್ತ?”

“ಮತ್ತೇನು? ಸಮುದ್ರ ಅಂದ್ರ ಸಣ್ಣದೇನು?”

ಅವಳು ಭೀಮಾ ಹೊಳೆ ನೋಡಿದ್ದಳು, ಅಮರ್ಜಾ ಡ್ಯಾಮ್ ನೋಡಿದ್ದಳು. ಅದಕ್ಕಿಂತ ದೊಡ್ಡ ನೀರು ಕಂಡಿರಲಿಲ್ಲ.

ಸವಿತಾಳ ಲೆಕ್ಕ ಸರಳವಾಗಿತ್ತು. “ನಾ ಸಭೆಗೆ ಹೋದಾಗ ನೀವಿಬ್ಬರೂ ಕ್ಯೋಟೊದಾಗೇ ಆರಾಮ ಇರ್ರಿ. ಒಂದಿನ ಸ್ಲೋ ಗಾಡಿ ಹತ್ತಿ ಸುಮಾ ಅಂಬೋ ಸ್ಟೇಷನ್‌ಗೆ ಹೋಗ್ರಿ. ಸ್ಟೇಷನ್ ಮೆಟ್ಟಲ ಇಳಿದ್ರ ಸಮುದ್ರನ ಅದ. ಅಷ್ಟಕ್ಕ ದೇಶ ಎಲ್ಲಾ ತಿರುಗೋ ಪಾಸ್ ಬೇಕಾಗಂಗಿಲ್ಲ, ಅಪ್ಪಾ. ಅವ್ವನ ಮೊಣಕಾಲೂ ನೋಡ್ರಿ ಜರಾ.”

ಸ್ಲೋ ಗಾಡಿ! ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನ ಮುಂದೆ ಎಂಥ ಮಾತು! ನಾನು ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ, ನನ್ನ ಜೊತೆ ಬಸ್ ಓಡಿಸಿದ ಅಫಜಲಪುರದ ಡ್ರೈವರ್ ಮಹಿಬೂಬನನ್ನು ಕೇಳಿದೆ. ಅವನು ರೈಲು ಹತ್ತಿದ್ದೇ ಅಪರೂಪ. ಆದರೂ ಕಣ್ಣು ಮುಚ್ಚಿ ತೀರ್ಪು ಕೊಟ್ಟ: “ಪಾಸ್ ತಗೋ ಉಸ್ತಾದ್. ಪಾಸ್ ಇದ್ದವ ರಾಜಾ. ನಮ್ಮ ಗಾಡಿಯಾಗ ನೋಡಿಲ್ಲೇನು? ನಿನ್ನ ಬೈಗುಳಕ್ಕ ಒಬ್ಬರಾದ್ರೂ ಎದ್ದಾರೇನು?”

ಮನೆಗೆ ಬಂದು ಒಂದು ವಾರದ ಪಾಸ್ ಎಂದು ಸಾರಿದೆ. ಶರಣಮ್ಮ ತಿರುಗಿಯೂ ನೋಡಲಿಲ್ಲ.

“ಸಮುದ್ರಕ್ಕೂ ಪಾಸ್ ಬೇಕೇನ್ರಿ?” ಅಂದಳು. “ನಿಮ್ಮ ಇಲಾಖೆಯವರು ಮನೀ ಮಂದಿಗಂತ ಪಾಸ್ ಕೊಟ್ಟಿದ್ರಲ್ಲ, ಅದರಾಗ ಎಲ್ಲಿ ಹೋಗಿದ್ವಿ? ಕಲಬುರಗಿ ದವಾಖಾನಿಗಿ.”

ನಾನು ಕೇಳಿಸದವನಂತೆ ಕಾಲು ತೊಳೆಯಲು ಹೋದೆ.

ಟೋಕಿಯೊ ಕಡೆಗೆ

ಪಾಸ್ ಕೈಗೆ ಬಂದ ಗಳಿಗೆಯಿಂದ ನನ್ನ ತಲೆಯಲ್ಲಿ ಯಾರೋ ಗಂಟೆ ಬಾರಿಸಿದಂತಾಯಿತು. ಆ ಪಾಸ್ ಶುರುವಾದರೆ ನಿಲ್ಲುವುದಿಲ್ಲ. ನೀವು ಹತ್ತಿರಿ, ಬಿಡಿರಿ, ಅದರ ದಿನ ಸರಿಯುತ್ತಲೇ ಇರುತ್ತದೆ. ಕ್ಯೋಟೊದ ಗುಡಿ, ತೋಟ, ಓಣಿ ಎಲ್ಲ ನನಗೆ ನಷ್ಟದ ಬಾಬತ್ತಾಗಿ ಕಂಡವು. ಕಾಲಿನಿಂದ ನಡೆಯುವುದಕ್ಕೆ ಪಾಸ್ ಯಾಕೆ? ಮೊದಲ ದಿನವೇ ದೂರದ ಟೋಕಿಯೊಗೆ ಹೋಗಿ, ಅದೇ ದಿನ ತಿರುಗಿ ಬರುವುದೆಂದು ನಿಶ್ಚಯಿಸಿದೆ.

ಆ ಬುಲೆಟ್ ಗಾಡಿಯ ವೇಗದ ಬಗ್ಗೆ ನಾನು ಬರೆಯುವುದಿಲ್ಲ, ಕಿಟಕಿಯ ಹೊರಗೆ ಏನಿತ್ತೆಂದು ಕಂಡಿದ್ದರೆ ತಾನೆ. ಒಳಗಿನದು ಹೇಳುತ್ತೇನೆ. ಡಬ್ಬಿ ತುಂಬ ಜನ, ಒಬ್ಬರೂ ಪಿಟಕ್ಕೆನ್ನುವುದಿಲ್ಲ. ನಮ್ಮ ಕಡೆ ಅಷ್ಟು ಮಂದಿ ಅಷ್ಟು ಸುಮ್ಮನೆ ಕೂತರೆ ಯಾರೋ ಸತ್ತಿದ್ದಾರೆಂದೇ ಅರ್ಥ. ನಾನು ಮಹಿಬೂಬನಿಗೆ ಫೋನ್ ಹಚ್ಚಿ, “ಏ, ಗಾಡಿ ವಿಮಾನ ಆಗ್ಯದೋ!” ಎಂದು ಕೂಗಿದೆ. ಯಾರೂ ಬೈಯಲಿಲ್ಲ. ಪಕ್ಕದವನು ತನ್ನ ಬೂಟನ್ನು ನೋಡತೊಡಗಿದ. ಎದುರಿನವಳೂ ಅವನ ಬೂಟನ್ನೇ ನೋಡಿದಳು. ಇಷ್ಟು ನಾಜೂಕಾದ ಬೈಗುಳ ನನಗೆ ಗೊತ್ತಿದ್ದರೆ ನನ್ನ ಸರ್ವಿಸಿನಲ್ಲಿ ಗಂಟಲು ಉಳಿಯುತ್ತಿತ್ತು.

ಅಲ್ಲಿಯ ಕಂಡಕ್ಟರ್ ಬಂದ. ಡಬ್ಬಿ ದಾಟಿ ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, ಕೂತ ಜನರಿಗೆಲ್ಲ ನಡು ಬಗ್ಗಿಸಿ ನಮಸ್ಕಾರ ಮಾಡಿದ. ಯಾರೂ ನೋಡುತ್ತಿರಲಿಲ್ಲ, ಆದರೂ ಮಾಡಿದ. ನಾನು ಪ್ಯಾಸೆಂಜರ್‌ಗಳ ಮುಂದೆ ಬಗ್ಗಿದ್ದು ಚಿಲ್ಲರೆ ಕೆಳಗೆ ಬಿದ್ದಾಗ ಮಾತ್ರ.

ದಾರಿಯಲ್ಲಿ ಒಂದು ಕಡೆ ನೀರು ಕಂಡಿತು. ಅಗಲವಾದ ನೀರು. ನಾನು ಶರಣಮ್ಮನ ಭುಜ ತಟ್ಟಿ, “ನೋಡು ಬೇ, ನೋಡು! ಸಮುದ್ರ!” ಅಂದೆ.

ಅವಳು ಸೆರಗು ಸರಿಮಾಡಿಕೊಂಡು ಕಿಟಕಿಗೆ ಬಾಗುವಷ್ಟರಲ್ಲಿ ಅರ್ಧ ಹೋಗಿತ್ತು. ಉಳಿದರ್ಧ ನೋಡಿ ಹುಬ್ಬು ಗಂಟಿಕ್ಕಿದಳು.

“ಆಚಿ ದಂಡಿ ಕಾಣಾಕತ್ತದಲ್ಲರಿ.”

“ಹೌದು.”

“ಮ್ಯಾಲ ಬ್ರಿಜ್ ಅದ. ಸಮುದ್ರಕ್ಕ ಬ್ರಿಜ್ ಕಟ್ಟತಾರೇನ್ರಿ?”

“ಜಪಾನ್ ಸಣ್ಣ ದೇಶ,” ಎಂದೆ ನಾನು. “ಸಮುದ್ರನೂ ಸಣ್ಣದು.”

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆ ನೋಟ ನನಗೆ ಗೊತ್ತು. ಹರಿದ ನೋಟು ಕೊಟ್ಟ ಪ್ಯಾಸೆಂಜರನನ್ನು ನಾನು ಹಾಗೆ ನೋಡುತ್ತಿದ್ದೆ. ಅದು ಸರೋವರವೆಂದು ನನಗೆ ಗೊತ್ತಿತ್ತು. ಹಿಂದಿನ ದಿನವೇ ನಕ್ಷೆಯಲ್ಲಿ ನೋಡಿದ್ದೆ. ಆದರೆ ಸಮುದ್ರ ಓಡುವ ಗಾಡಿಯಲ್ಲೇ ಮುಗಿದುಹೋದರೆ ಸ್ಲೋ ಗಾಡಿಗೆ ಕೊಡಬೇಕಾದ ಒಂದು ದಿನ ಉಳಿಯುತ್ತಿತ್ತಲ್ಲ! ಆ ಸಂಜೆ ಸವಿತಾ, “ಏನ್ ನೋಡಿದ್ರಿ?” ಎಂದಾಗ, “ನಿಮ್ಮವ್ವಗ ಸಮುದ್ರ ತೋರಿಸಿದೆ” ಎಂದುಬಿಟ್ಟೆ. ಶರಣಮ್ಮ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಇನ್ನೊಂದು ಮೊಣಕಾಲಿಗೂ ಹಚ್ಚಿಕೊಂಡಳು.

ಫುಕುವೋಕಾ ಕಡೆಗೆ

ಮರುದಿನ ಪಶ್ಚಿಮಕ್ಕೆ ಹೊರಟೆವು. ಫುಕುವೋಕಾ ಎನ್ನುವುದು ಆ ವೇಗದ ಗಾಡಿಯ ಕೊನೆಯ ನಿಲ್ದಾಣ. ಕೊನೆಯದೆಂಬುದೇ ನನಗೆ ಅದರಲ್ಲಿ ಕಂಡ ಚೆಲುವು. ಆ ದಾರಿಯ ಪಕ್ಕದಲ್ಲೇ ಸಮುದ್ರವಿದೆಯೆಂದು ನಕ್ಷೆ ಹೇಳುತ್ತಿತ್ತು. ಈ ಸಲ ಖರೆಯ ಸಮುದ್ರವನ್ನೇ ತೋರಿಸಿ ನಿನ್ನೆಯ ಸುಳ್ಳನ್ನು ಸರಿದೂಗಿಸೋಣವೆಂದು ಅವಳನ್ನು ಕಿಟಕಿಗೆ ಕೂರಿಸಿದೆ. ಎಲ್ಲಿ ಸಮುದ್ರ ಬರಬೇಕೋ ಅಲ್ಲಿಯೇ ಗಾಡಿ ಸುರಂಗ ಹೊಕ್ಕಿತು. ಹೊರಬಂತು, ಗುಡ್ಡ ಕಂಡಿತು, ಮತ್ತೆ ಹೊಕ್ಕಿತು. ಬೆಟ್ಟ ಕೊರೆದು ಸೀದಾ ಹೋದರೇನೇ ವೇಗ, ದಂಡೆ ಹಿಡಿದು ಬಳಸುವುದು ಸ್ಲೋ ಗಾಡಿಯ ಕೆಲಸ. ಕಂಡಕ್ಟರನಾದವನಿಗೆ ಇದು ಮೊದಲೇ ತಿಳಿಯಬೇಕಿತ್ತು.

ಕಪ್ಪು ಗಾಜಿನಲ್ಲಿ ನಮ್ಮಿಬ್ಬರ ಮುಖಗಳೇ ಕಾಣುತ್ತಿದ್ದವು.

“ಭಾಳ ಚೆಂದ ಅದರಿ,” ಅಂದಳು ಶರಣಮ್ಮ. “ನಿಮ್ಮ ಮಾರಿ ನೋಡಾಕ ಇಷ್ಟು ದೂರ ಬಂದೆ.”

ಫುಕುವೋಕಾದಲ್ಲಿ ಇಳಿದು, ನಿಲ್ದಾಣದ ಬೆಂಚಿನ ಮೇಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಉಂಡು, ಅದೇ ದಾರಿಯಲ್ಲಿ ತಿರುಗಿದೆವು. ಊರು ಹೇಗಿತ್ತೆಂದು ಕೇಳಿದರೆ, ಬೆಂಚು ಸ್ವಚ್ಛವಾಗಿತ್ತು.

ಮುಂದಿನ ದಿನಗಳನ್ನೂ ಹೀಗೆಯೇ ಕಳೆದೆವು. ಇಲ್ಲ, ಕಳೆದೆ. ಅವಳು ನನ್ನ ಹಿಂದೆ ಕುಂಟುತ್ತ ಬಂದಳು. ಒಂದು ದಿನ ಮೆಲ್ಲಗೆ, “ಸುಮಾ ಅಂತ ಅಂದಿದ್ಲಲ್ಲರಿ ಸವಿತಾ” ಎಂದು ನೆನಪಿಸಿದಳು. “ಅದು ಎಲ್ಲಿಗೂ ಓಡಿಹೋಗಂಗಿಲ್ಲ. ಪಾಸ್ ಓಡಾಕತ್ತದ” ಎಂದೆ.

ಕ್ಯೋಟೊ ಪ್ಲಾಟ್‌ಫಾರ್ಮ್

ಪಾಸ್ ಮುಗಿಯುವ ಮುಂಚಿನ ದಿನ. ಮತ್ತೆ ಟೋಕಿಯೊ ಕಡೆಯ ಗಾಡಿ. ಆ ಗಾಡಿಗಳಲ್ಲಿ ಸೀಟು ಬುಕ್ ಮಾಡದವರಿಗೆ ಬೇರೆ ಡಬ್ಬಿಗಳಿರುತ್ತವೆ. ಅಲ್ಲಿ ಮೊದಲು ಹತ್ತಿದವನದೇ ಸೀಟು. ಅದು ನನಗೆ ತವರುಮನೆ ಇದ್ದಂತೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದರೆ ಆ ಸೀಟನ್ನು ಯಾರೂ ಮುಟ್ಟುವುದಿಲ್ಲ, ಸೀಟಿನ ಮೇಲೆ ಕೂತವನು ಎದ್ದಾನು, ಟವೆಲ್ ಏಳುವುದಿಲ್ಲ. ಜಪಾನಿನ ಗಾಡಿಯ ಕಿಟಕಿ ತೆರೆಯುವುದಿಲ್ಲ. ಜನ ನೆಲದ ಮೇಲಿನ ಗೆರೆಗೆ ಸರಿಯಾಗಿ ಸಾಲು ನಿಲ್ಲುತ್ತಾರೆ. ನಾನು, “ನೀ ನಿಧಾನ ಬಾ, ಜಾಗಾ ಹಿಡೀತೇನಿ” ಎಂದು ಶರಣಮ್ಮನಿಗೆ ಹೇಳಿ, ಸಾಲಿನ ಪಕ್ಕದಿಂದ ನುಸುಳಿ ಒಳಗೆ ಹಾರಿದೆ. ಮಧ್ಯಾಹ್ನದ ರೊಟ್ಟಿ ಕಟ್ಟಿದ್ದ ಟವೆಲ್ಲನ್ನು ಎರಡು ಸೀಟುಗಳ ಮೇಲೆ ಇಟ್ಟು, ಗೆದ್ದವನಂತೆ ಅವಳನ್ನು ಕರೆತರಲು ಹೊರಗೆ ಬಂದೆ.

ಅವಳು ಸಾಲಿನ ಕೊನೆಯಲ್ಲಿದ್ದಳು. ಅವಳ ಪಕ್ಕದಲ್ಲಿ ನಮ್ಮ ವಯಸ್ಸಿನ ಒಬ್ಬ ಜಪಾನಿ ಅಜ್ಜಿ. ಅಜ್ಜಿ ಬಾಗಿಲ ಕಡೆ ಕೈ ಮಾಡಿ, ನೀವು ಮೊದಲು ಹತ್ತಿ ಎಂಬಂತೆ ಬಾಗಿದಳು. ಶರಣಮ್ಮ ಕೈ ಮುಗಿದು, “ಇಲ್ಲರಿ, ನೀವು ಹತ್ರಿ” ಅಂದಳು. ಅಜ್ಜಿ ಇನ್ನೂ ಕೆಳಗೆ ಬಾಗಿದಳು. “ಅಯ್ಯ, ಹಿರೇರು ನೀವು, ಹತ್ರಿ ಹತ್ರಿ” ಎಂದು ಇವಳು. ಅಜ್ಜಿ ಮತ್ತೆ ಬಾಗಿದಳು. ಇಬ್ಬರೂ ಸೋಲುವವರಲ್ಲ. “ಏ, ಯಾರರೇ ಹತ್ರಿ!” ಎಂದು ನಾನು ಕೂಗುವಷ್ಟರಲ್ಲಿ ಬಾಗಿಲು ಮೆತ್ತಗೆ ಮುಚ್ಚಿತು. ಗಾಡಿ ಹೋಯಿತು. ನನ್ನ ಸೀಟನ್ನು ಕಾಯುತ್ತ ಟವೆಲ್ಲೂ ರೊಟ್ಟಿಯೂ ಟೋಕಿಯೊಗೆ ಹೋದವು.

ಮೂವರೂ ಹೋಗುವ ಗಾಡಿಯ ಬಾಲ ನೋಡಿದೆವು. ಆಮೇಲೆ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ಶರಣಮ್ಮ ಸೆರಗು ಅಡ್ಡ ಹಿಡಿದು ನಕ್ಕಳು. ಒಬ್ಬಳ ಮಾತು ಇನ್ನೊಬ್ಬಳಿಗೆ ಬಾರದು, ಆದರೂ ಇಬ್ಬರೂ ನನ್ನ ಕಡೆ ಬೆರಳು ಮಾಡಿದರು. ಜಪಾನಿಗೆ ಬಂದಮೇಲೆ ಅವಳು ನಕ್ಕದ್ದು ಅದೇ ಮೊದಲೆಂದು ನನಗೆ ಹೊಳೆಯಿತು. ಗಾಡಿ ತಪ್ಪಿದ್ದಕ್ಕೆ ನಕ್ಕಿದ್ದಳು. ಅಜ್ಜಿಯೇ ನಮ್ಮನ್ನು ಕಳೆದ ಸಾಮಾನಿನ ಕಚೇರಿಗೆ ಕರೆದೊಯ್ದು, ಏನು ಹೋಗಿದೆಯೆಂದು ಬರೆಸಿ, ಶರಣಮ್ಮನ ಕೈಗೆ ಎರಡು ಕಿತ್ತಳೆ ಇಟ್ಟು ಮುಂದಿನ ಗಾಡಿಗೆ ಹೋದಳು.

ಸವಿತಾಳ ಕೋಣೆ

ಅವತ್ತು ಸಂಜೆ ಸವಿತಾ ಅನ್ನ-ಸಾರು ಮಾಡಿದ್ದಳು. ಸಭೆ ಮುಗಿದು ಅವಳ ಮನಸ್ಸು ಹಗುರಾಗಿತ್ತು. ಊಟಕ್ಕೆ ಕೂತಾಗ, “ಅವ್ವಾ, ಸಮುದ್ರ ನೋಡಿದ್ದು ನೀ ನನಗ ಹೇಳೇ ಇಲ್ಲ. ಹ್ಯಾಂಗಿತ್ತ?” ಎಂದು ಕೇಳಿದಳು.

ಈಗ ಬಿತ್ತು ಏಟು ಎಂದುಕೊಂಡೆ.

“ಏನಂತ ಹೇಳಲಿ ತಂಗಿ,” ಎಂದು ಶರಣಮ್ಮ ಶುರುಮಾಡಿದಳು. “ಆಕಾಶ ಕೆಳಗ ಬಂದು ಮಲಗಿದಂಗ ಇತ್ತು. ಒಂದು ಅಲುಗಾಟಿಲ್ಲ, ಒಂದು ಸಪ್ಪಳಿಲ್ಲ. ಆಚಿ ದಂಡಿ ಅಂಬೋದೇ ಇಲ್ಲ. ನಿಮ್ಮಪ್ಪ ಕೈ ಹಿಡಕೊಂಡು ನೀರಿನ ತನಕ ಕರಕೊಂಡು ಹೋದ್ರು. ‘ನಿಧಾನ, ಕಾಲು ಜಾರೀತು’ ಅಂದ್ರು. ನಾ ಸಾಕಂದ್ರೂ ‘ಕೂಡು, ಇನ್ನೊಂದಿಷ್ಟು ನೋಡು’ ಅಂದ್ರು.”

“ಅಪ್ಪಾ?” ಸವಿತಾ ನನ್ನ ಕಡೆ ನೋಡಿದಳು. ಅವಳ ಮುಖ ಅರಳಿತ್ತು. “ಖರೇನೇ?”

“ಹ್ಞೂಂ,” ಎಂದೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಗುಳ ನನ್ನ ವೃತ್ತಿ. ಅವಳು ಮಗಳ ಮುಂದೆ ನನ್ನನ್ನು ನಾನಲ್ಲದ ಒಬ್ಬ ಒಳ್ಳೆಯ ಮನುಷ್ಯನನ್ನಾಗಿ ಮಾಡಿ ಕೂರಿಸಿದಳು. ಆ ಮನುಷ್ಯನ ಎದುರು ಕೂತು ನಾನು ಸುರ್ರೆಂದು ಸಾರು ಕುಡಿಯುತ್ತಿದ್ದೆ.

ಕಳೆದ ಸಾಮಾನಿನ ಕಚೇರಿ

ಬೆಳಿಗ್ಗೆ ಟವೆಲ್ ಸಿಕ್ಕಿತು. ಟೋಕಿಯೊ ಮುಟ್ಟಿ ತಿರುಗಿ ಬಂದಿತ್ತು. ನಾಲ್ಕು ಮೂಲೆ ಸರಿಯಾಗಿ ಮಡಚಿ, ಪಾರದರ್ಶಕ ಚೀಲದಲ್ಲಿ ಹಾಕಿದ್ದರು. ನನ್ನ ಟವೆಲ್ ಅಷ್ಟು ಮರ್ಯಾದೆಯನ್ನು ಎಂದೂ ಕಂಡಿರಲಿಲ್ಲ. ಕಚೇರಿಯ ಮನುಷ್ಯ ಎದ್ದು ನಿಂತು, ನಡು ಬಗ್ಗಿಸಿ, ಏನೋ ಹೇಳಿದ. ಫೋನಿನಲ್ಲಿ ಅನುವಾದ ಮಾಡಿ ತೋರಿಸಿದ: ಒಳಗಿದ್ದ ತಿಂಡಿಯನ್ನು ನಿಯಮದ ಪ್ರಕಾರ ಎಸೆಯಬೇಕಾಯಿತು, ದಯವಿಟ್ಟು ಕ್ಷಮಿಸಿ. ಮತ್ತೆ ಬಾಗಿದ.

ಶರಣಮ್ಮನಿಗೆ ಓದಿ ಹೇಳಿದೆ. ಅವಳು ಕಳವಳಗೊಂಡು, “ಅಯ್ಯ ಪಾಪ. ಕಳಕೊಂಡವರು ನಾವು, ತಪ್ಪಾತಂತ ಅವರು ಅನ್ನಾಕತ್ತಾರ. ಇರ್ಲಿ ಬಿಡಂತ ಹೇಳ್ರಿ” ಅಂದಳು.

ನಾನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು ನಿಂತೆ. ಎಲ್ಲರೂ ಓಡಾಡುವ ಜಾಗ. ಅಲ್ಲಿಯೇ, ಆ ಮನುಷ್ಯ ಮಾಡಿದಂತೆ, ಅವಳ ಮುಂದೆ ನಡು ಬಗ್ಗಿಸಿದೆ.

“ಏನ್ ಬಿತ್ರಿ?” ಎಂದು ಅವಳು ನೆಲ ನೋಡಿದಳು.

“ತಪ್ಪಾತು,” ಅಂದೆ. “ಅದು ಕೆರಿ ಇತ್ತು. ನನಗ ಗೊತ್ತಿತ್ತು.”

“ನನಗೂ ಗೊತ್ತಿತ್ತು,” ಅಂದಳು. “ನೆಟ್ಟಗ ನಿಂದ್ರಿ ಮದಲ, ನಡ ಹಿಡದೀತು.”

“ನಡೀ, ಸುಮಾಕ್ಕ ಹೋಗೂಣು.”

“ಇವತ್ತ ಪಾಸಿನ ಕಡೀ ದಿನ. ದೂರದ ಗಾಡಿ ಬಿಟ್ರ ನಿಮಗ ಜ್ವರ ಬರ್ತದ.”

“ಬರ್ಲಿ.”

ಸುಮಾ

ಸ್ಲೋ ಗಾಡಿ ನಮ್ಮ ಬಸ್ಸಿನಂತೆಯೇ. ಎಲ್ಲೆಲ್ಲೂ ನಿಂತಿತು. ಶಾಲೆಯ ಮಕ್ಕಳು ಹತ್ತಿದರು, ಕಾಯಿಪಲ್ಯೆಯ ಚೀಲ ಹಿಡಿದ ಹೆಂಗಸರು ಇಳಿದರು. ಒಬ್ಬ ಮುದುಕ ನಿದ್ದೆಯಲ್ಲಿ ನನ್ನ ಹೆಗಲಿಗೆ ಒರಗಿದ. ನಾನು ಎಬ್ಬಿಸಲಿಲ್ಲ. ಗಾಡಿ ನಿಂತಾಗಲೆಲ್ಲ, ಸುಮಾ ಬಂತೇನೋ ಎಂದು ಶರಣಮ್ಮ ಅರ್ಧ ಎದ್ದು ಕೂರುತ್ತಿದ್ದಳು. ಕೋಬೆ ದಾಟಿದ ಮೇಲೆ ಬಲಕ್ಕೆ ಗುಡ್ಡ ಒತ್ತಿ ಬಂತು. ಎಡಕ್ಕೆ ನೆಲವೇ ಮುಗಿದಂತಾಯಿತು. ಸುಮಾ ಬಂತು, ಇಳಿದೆವು.

ಸವಿತಾ ಹೇಳಿದ್ದು ಸುಳ್ಳಲ್ಲ. ಮೆಟ್ಟಿಲು ಇಳಿದರೆ ಮರಳು, ಮರಳು ಮುಗಿದರೆ ಅದು.

ಶರಣಮ್ಮ ಕೊನೆಯ ಮೆಟ್ಟಿಲ ಮೇಲೆ ನಿಂತುಬಿಟ್ಟಳು.

“ಏ... ಇದು ನಿಂತೇ ಇಲ್ಲಲ್ರಿ!” ಅಂದಳು.

ಅವಳು ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಸಮುದ್ರ ಡ್ಯಾಮಿನ ನೀರಿನಂತೆ ನಿಂತ ಸಮುದ್ರ. ಮಗಳಿಗೆ ಹೇಳಿದ್ದೂ ಅದನ್ನೇ. ಇದು ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

ನಾನು ಅವಳ ಕೈ ಹಿಡಿದೆ. ನಿನ್ನೆ ಊಟದ ಹೊತ್ತಿಗೆ ಅವಳು ಹೇಳಿದ್ದೆಲ್ಲ ನನ್ನ ನೆನಪಿನಲ್ಲಿತ್ತು. ಒಂದೊಂದಾಗಿ ಮಾಡಬೇಕಿತ್ತು. ನೀರಿನ ತನಕ ಕರೆದುಕೊಂಡು ಹೋದೆ. “ನಿಧಾನ, ಕಾಲು ಜಾರೀತು” ಅಂದೆ. ಅವಳು ಓರೆಗಣ್ಣಿನಿಂದ ನೋಡಿ, ತುಟಿಯೊಳಗೇ ನಕ್ಕಳು. ನೀರು ಪಾದಕ್ಕೆ ಬಂದಾಗ “ಅವ್ವವ್ವ!” ಎಂದು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ನೀರು ಹಿಂದೆ ಸರಿದು ಕಾಲಕೆಳಗಿನ ಮರಳನ್ನು ಎಳೆದಾಗ, “ನನ್ನ ಕರೀಯಾಕತ್ತದರಿ” ಅಂದಳು. ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿ ಥೂ ಎಂದು ಉಗುಳಿ, “ಉಪ್ಪು ಅಂತಿದ್ರು, ಇಷ್ಟಾ? ಸಾರು ಕೆಟ್ಟಂಗ ಅದ” ಎಂದು ತೀರ್ಪು ಕೊಟ್ಟಳು.

ಟವೆಲ್ ಹಾಸಿದೆ. ನನ್ನ ಜೀವನದಲ್ಲಿ ಅದು ಸರಿಯಾದ ಸೀಟು ಹಿಡಿದದ್ದು ಅವತ್ತು. ಕೂತಳು. ನಮ್ಮ ಬೆನ್ನ ಹಿಂದೆ ಗಾಡಿಗಳು ಹೋಗುತ್ತಿದ್ದವು. ಮೊದಮೊದಲು ಪ್ರತಿಯೊಂದು ಸಪ್ಪಳಕ್ಕೂ ನನ್ನ ಕೈ ಪಾಸಿದ್ದ ಜೇಬಿಗೆ ಹೋಗುತ್ತಿತ್ತು. ಆಮೇಲೆ ಮರೆತೆ. ಕಿತ್ತಳೆ ಸುಲಿದು ತಿಂದೆವು. ಬಿಸಿಲು ಇಳಿಯತೊಡಗಿದಾಗ ಅವಳು, “ಸಾಕರಿ, ಏಳ್ರಿ” ಅಂದಳು.

“ಕೂಡು,” ಅಂದೆ. “ಇನ್ನೊಂದಿಷ್ಟು ನೋಡು.”

ಈ ಮಾತನ್ನು ಮಾತ್ರ ನಾನು ನೆನಪಿನಿಂದ ಹೇಳಲಿಲ್ಲ.

ಮತ್ತೆ ಆಳಂದ

ಕೋಣೆಗೆ ಬಂದಾಗ ಸವಿತಾ, “ಇವತ್ತ ಎಲ್ಲಿ ಹೋಗಿದ್ರಿ?” ಎಂದಳು. ಶರಣಮ್ಮ ಬಾಯಿ ತೆರೆದವಳು ಮುಚ್ಚಿದಳು. ಸಮುದ್ರ ನೋಡಿದ್ದನ್ನು ಹಿಂದಿನ ದಿನವೇ ಹೇಳಿ ಮುಗಿಸಿದ್ದಳಲ್ಲ. ಈಗ ಖರೆ ಹೇಳಿದರೆ ನಾನು ಸಿಕ್ಕಿಬೀಳುತ್ತೇನೆ. “ಎಲ್ಲಿಲ್ಲ ತಂಗಿ, ಗಾಡಿ ಹತ್ತಿದ್ವಿ, ಇಳಿದ್ವಿ” ಎಂದು ಒಳಗೆ ಹೋದಳು. ಇಡೀ ಜೀವನದಲ್ಲಿ ಕೇಳಿದ ಒಂದೇ ಒಂದು ಸಮುದ್ರವನ್ನು ಕಂಡು ಬಂದು, ಮಗಳಿಗೆ ಹೇಳಲಾಗದೆ ನುಂಗಿಕೊಂಡಳು. ಪಾಸಿನ ಪೂರ್ತಿ ದರ ಅವಳು ಕೊಟ್ಟದ್ದು ಅಲ್ಲಿ.

ಈಗಲೂ ಓಣಿಯ ಹೆಂಗಸರು ಕೇಳಿದರೆ ಅವಳು ನಿಂತ ಸಮುದ್ರವನ್ನೇ ಹೇಳುತ್ತಾಳೆ. ಸವಿತಾ ಪಕ್ಕದಲ್ಲಿ ಕೂತಿರುತ್ತಾಳೆ, ಹೆಮ್ಮೆಯಿಂದ ನನ್ನ ಕಡೆ ನೋಡುತ್ತಾಳೆ. ಅದನ್ನು ತಡೆಯಲಾಗದೆ ಇದನ್ನು ಬರೆದೆ. ಸವಿತಾ, ನೀನು ಇದನ್ನು ಓದಿದ ಮೇಲೆ ನನ್ನನ್ನು ಬೈಯಬಹುದು. ಆದರೆ ಮೊದಲು ನಿಮ್ಮವ್ವನ ಹತ್ತಿರ ಕೂತು ಇನ್ನೊಮ್ಮೆ ಕೇಳು. ಆ ಸಮುದ್ರ ಅಲುಗಾಡುತ್ತದೆ.

ಪಾಸ್ ಕೇಳುವವರಿಗೆ ನನ್ನ ಉತ್ತರ ಇಷ್ಟು: ನಿಮ್ಮ ಜೊತೆ ಬರುವವರು ಏನು ನೋಡಬೇಕೆನ್ನುತ್ತಾರೆ ಎಂದು ಮೊದಲು ಕೇಳಿರಿ. ಅಲ್ಲಿಗೆ ಸ್ಲೋ ಗಾಡಿ ಹೋಗುವುದಾದರೆ ಟಿಕೆಟ್ ತೆಗೆಸಿರಿ.

ಇದನ್ನೆಲ್ಲ ಬರೆದು ನಿನ್ನೆ ಶರಣಮ್ಮನಿಗೆ ಓದಿ ಹೇಳಿದೆ. ಅವಳು ತೊಗರಿ ಹಸನು ಮಾಡುತ್ತ ಕೇಳಿದಳು. ಮುಗಿದ ಮೇಲೆ ಮೊರ ಕೆಳಗಿಟ್ಟು ಅಂದಳು:

“ಎಲ್ಲಾ ಬರಾಬರಿ ಬರದೀರಿ. ಒಂದು ತಪ್ಪದ. ಸವಿತಾಗ ನಾ ಸುಳ್ಳು ಹೇಳಿಲ್ಲ. ನಾಳಿಂದು ಇವತ್ತ ಹೇಳಿದೆ, ಅಷ್ಟ. ನೀವು ಕರಕೊಂಡು ಹೋಗ್ತೀರಂತ ನನಗ ಗೊತ್ತಿತ್ತು.”

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಲು ನಾನು ಅವಳಿಗೆ ಒಂದು ಕಾರಣವನ್ನೂ ಕೊಟ್ಟಿರಲಿಲ್ಲ. ಮೊರ ಎತ್ತಿಕೊಂಡು ಅವಳು ಮತ್ತೆ ಕೇರತೊಡಗಿದಳು, ಮುಖ ಮೇಲೆತ್ತದೆ.